ತೊಟ್ಟಿಯು ಕೋಣೆಯಾದುದು: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಮನೆಗಳ ಇತಿಹಾಸದಲ್ಲೊಂದು ಅಧ್ಯಾಯ

ಅರಮನೆ, ಕೋಟೆ, ದೇವಾಲಯಗಳ ವಿಷಯದಲ್ಲಿ ಶಾಸನಗಳೂ ಗ್ರಂಥಗಳೂ ಮಾತನಾಡುತ್ತವೆ. ಜನರು ಹುಟ್ಟಿ, ಬಾಳಿ, ಕಣ್ಮುಚ್ಚಿದ ಸಾಮಾನ್ಯ ಮನೆಯ ವಿಷಯದಲ್ಲಿ ಅವು ಬಹುಮಟ್ಟಿಗೆ ಮೌನವಾಗಿವೆ. ಆದುದರಿಂದ ಮನೆಯ ಇತಿಹಾಸವನ್ನು ಮನೆಯಿಂದಲೇ ಓದಿಕೊಳ್ಳಬೇಕಾಗುತ್ತದೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಪಟ್ಟಣಗಳ ಹಳೆಯ ಬೀದಿಗಳಲ್ಲಿ ಇಂಥ ಓದಿಗೆ ಒದಗುವ ಮುಖ್ಯ ಸಂಗತಿಯೊಂದಿದೆ. ಮನೆಯ ನಡುವಣ ತೆರೆದ ತೊಟ್ಟಿಯು ಕ್ರಮೇಣ ಮಾಡು ಹೊದೆದು, ಗೋಡೆ ಪಡೆದು, ಕೋಣೆಯಾಗಿ ಪರಿಣಮಿಸಿದುದೇ ಆ ಸಂಗತಿ. ಈ ಪರಿವರ್ತನೆ ಏಕೆ ನಡೆಯಿತು, ಇದರಿಂದ ಮನೆಗೆ ಬಂದುದೇನು, ಹೋದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

1. ತೊಟ್ಟಿಮನೆಯ ಸ್ವರೂಪ

ಮೈಸೂರು ಸೀಮೆಯಲ್ಲಿ ಮನೆಯನ್ನು ಅಂಕಣಗಳಿಂದ ಅಳೆಯುವುದು ವಾಡಿಕೆ. ಕಂಬ ಕಂಬಗಳ ನಡುವಣ ಅಂತರವೇ ಅಂಕಣ. ಇಂಥ ಅಂಕಣಗಳನ್ನು ನಾಲ್ಕು ಕಡೆಗೂ ಜೋಡಿಸಿ ನಡುವೆ ಬಯಲು ಬಿಟ್ಟರೆ ಅದು ತೊಟ್ಟಿಮನೆಯಾಗುತ್ತದೆ. ವಾಸ್ತುಗ್ರಂಥಗಳು ಚತುಃಶಾಲೆಯೆಂದು ಕರೆಯುವುದು ಇದೇ ವಿನ್ಯಾಸವನ್ನು. ಬೀದಿಯ ಕಡೆಯಿಂದ ಮೊದಲು ಜಗುಲಿ, ಆಮೇಲೆ ತಲೆಬಾಗಿಲು, ಒಳಗೆ ತೊಟ್ಟಿ, ಅದರ ಸುತ್ತ ಕಂಬಗಳ ಕೈಸಾಲೆ, ಅದರ ಹಿಂದೆ ನಡುಮನೆ, ದೇವರ ಮನೆ, ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಹಿತ್ತಿಲು. ಇದು ಸ್ಥೂಲವಾದ ಕ್ರಮ.

ತೊಟ್ಟಿ ಎಂಬ ಶಬ್ದವೇ ಗಮನಾರ್ಹವಾದುದು. ನೀರು ನಿಲ್ಲುವ ಕಲ್ಲಿನ ಪಾತ್ರೆಗೂ ಮನೆಯ ನಡುವಣ ತಗ್ಗು ಅಂಗಳಕ್ಕೂ ಕನ್ನಡದಲ್ಲಿ ಒಂದೇ ಹೆಸರು. ನಾಲ್ಕು ಕಡೆಯ ಸೂರುಗಳಿಂದ ಇಳಿದ ಮಳೆಯ ನೀರು ಈ ತಗ್ಗಿಗೆ ಬಿದ್ದು, ಕಲ್ಲುಚಪ್ಪಡಿಯ ನೆಲದ ಮೂಲೆಯಲ್ಲಿರುವ ಕಂಡಿಯ ಮೂಲಕ ಹೊರಹೋಗುತ್ತಿತ್ತು. ಪ್ರಾಚೀನ ರೋಮನರ ಪಾಂಪೇಯಿ ನಗರದ ಮನೆಗಳಲ್ಲಿಯೂ ಮಾಡಿನ ನಡುವೆ ತೆರಪು ಬಿಟ್ಟು, ಅದರ ಕೆಳಗೆ ಮಳೆನೀರಿನ ತೊಟ್ಟಿಯನ್ನು ಕಟ್ಟಿರುವುದನ್ನು ನೋಡಬಹುದು. ಒಂದೇ ಬಗೆಯ ಅಗತ್ಯವು ದೂರದೂರದ ಜನರಿಂದ ಒಂದೇ ಬಗೆಯ ಮನೆಯನ್ನು ಕಟ್ಟಿಸಿತೆಂದು ತೋರುತ್ತದೆ.

ಈ ಪಟ್ಟಣಗಳ ಹಳೆಯ ಬೀದಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಎಡಬಲದ ಗೋಡೆಗಳು ನೆರೆಮನೆಯವರ ಗೋಡೆಗಳಿಗೆ ಒರಗಿರುವುದರಿಂದ ಅವುಗಳಲ್ಲಿ ಕಿಟಕಿಯಿಡಲು ಅವಕಾಶವಿಲ್ಲ. ಹೀಗಿರುವಲ್ಲಿ ಒಳಕೋಣೆಗಳಿಗೆಲ್ಲ ತೊಟ್ಟಿಯೊಂದೇ ಕಿಟಕಿ. ಗಾಳಿ, ಬೆಳಕು, ಹೊಗೆಯ ನಿರ್ಗಮನ ಎಲ್ಲವೂ ಅದರ ಮೂಲಕವೇ ಆಗಬೇಕಿತ್ತು. ಮುಂದಿನ ವಿಚಾರಕ್ಕೆಲ್ಲ ಇದೇ ಆಧಾರ.

ಆದರೆ ತೊಟ್ಟಿಮನೆಯು ಎಲ್ಲರ ಮನೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಭೂಮಿಯಿದ್ದವರು, ವರ್ತಕರು, ಅಗ್ರಹಾರದವರು, ಪಟೇಲ ಶಾನುಭೋಗರು ಇಂಥ ಮನೆಗಳಲ್ಲಿದ್ದರು. ಒಂದೆರಡು ಅಂಕಣದ ಗುಡಿಸಿಲಲ್ಲಿದ್ದ ಕೂಲಿಯವನಿಗೆ ಬೀದಿಯೇ ಅಂಗಳ. ಜಗುಲಿಯವರೆಗೆ ಬರಬಹುದಾದವರು ಯಾರು, ತೊಟ್ಟಿಯವರೆಗೆ ಬರಬಹುದಾದವರು ಯಾರು, ಬೀದಿಯಲ್ಲಿಯೇ ನಿಲ್ಲಬೇಕಾದವರು ಯಾರು ಎಂಬುದನ್ನು ಜಾತಿಯು ನಿರ್ಧರಿಸುತ್ತಿತ್ತು. ಆದುದರಿಂದ ಹಳೆಯ ಮನೆಯನ್ನು ಕೇವಲ ಹೊಗಳುವುದು ಇತಿಹಾಸವಾಗಲಾರದು.

2. ಮುಚ್ಚುವಿಕೆಯ ಪೂರ್ವನಿದರ್ಶನಗಳು

ತೆರೆದ ಸ್ಥಳವನ್ನು ಮುಚ್ಚುವುದು ಇಪ್ಪತ್ತನೆಯ ಶತಮಾನದ ಹೊಸ ಕಲ್ಪನೆಯೆಂದು ತಿಳಿಯುವುದು ಸರಿಯಲ್ಲ. ಈ ನಾಡಿನ ಶಿಲ್ಪಿಗಳು ಅದನ್ನು ಹಿಂದೆಯೇ ಮಾಡಿದ್ದಾರೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮಂಟಪವು ಮೊದಲು ತೆರೆದ ಮಂಟಪವಾಗಿತ್ತು. ಸುಮಾರು ಅರ್ಧ ಶತಮಾನದ ತರುವಾಯ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಅದಕ್ಕೆ ಆವರಣವನ್ನು ಕಟ್ಟಲಾಯಿತು. ಆದರೆ ಕಟ್ಟಿದವರು ಕಂಬಗಳ ನಡುವೆ ಬರಿಯ ಗೋಡೆಯನ್ನೆಬ್ಬಿಸಲಿಲ್ಲ. ಆಳೆತ್ತರದ ಗೋಡೆಯ ಮೇಲೆ 28 ಜಾಲಂಧ್ರಗಳನ್ನು ನಿಲ್ಲಿಸಿದರು. ಒಳಗೆ ಬೆಳಕು ಕಡಿಮೆಯಾಯಿತು. ಅದು ಅವರು ತೆತ್ತ ಬೆಲೆ. ಗಾಳಿಯ ದಾರಿಯನ್ನು ಮಾತ್ರ ಅವರು ಉಳಿಸಿಕೊಂಡರು.

ತಿರುಮಕೂಡಲು ನರಸೀಪುರ ತಾಲ್ಲೂಕಿಗೇ ಸೇರಿದ ಸೋಮನಾಥಪುರದಲ್ಲಿ, ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವು ಈ ಎರಡು ತತ್ತ್ವಗಳನ್ನೂ ಒಟ್ಟಿಗೆ ತೋರಿಸುತ್ತದೆ. ಮಂಟಪದ ಮುಂಭಾಗಕ್ಕೆ ಜಾಲಂಧ್ರಗಳುಂಟು. ದೇವಾಲಯದ ಸುತ್ತ ಬಯಲು ಅಂಗಳ, ಅದರ ಸುತ್ತ ಕಂಬಗಳ ಕೈಸಾಲೆ ಮತ್ತು 64 ಕಿರುಗುಡಿಗಳ ಸಾಲು. ಇದು ತೊಟ್ಟಿಮನೆಯ ವಿನ್ಯಾಸವನ್ನೇ ಹಿರಿದಾಗಿಸಿದಂತೆ ಕಾಣುತ್ತದೆ.

ಮೂರನೆಯ ನಿದರ್ಶನ ಮೈಸೂರಿನ ಅರಮನೆ. ಮರದಿಂದ ಕಟ್ಟಿದ್ದ ಹಳೆಯ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1912ರ ಹೊತ್ತಿಗೆ ಹೊಸ ಅರಮನೆ ಸಿದ್ಧವಾಯಿತು. ಅದರ ಅಷ್ಟಕೋನದ ಕಲ್ಯಾಣ ಮಂಟಪದಲ್ಲಿ ಎರಕದ ಕಬ್ಬಿಣದ ಕಂಬಗಳ ಮೇಲೆ ಬಣ್ಣದ ಗಾಜಿನ ಗುಮ್ಮಟವನ್ನು ನಿಲ್ಲಿಸಿದರು. ಬೆಳಕನ್ನು ಒಳಬಿಟ್ಟು ಮಳೆಯನ್ನು ತಡೆಯುವ ಮಾಡು ಮೈಸೂರಿನವರ ಕಣ್ಣಿಗೆ ಇಷ್ಟು ವೈಭವದಿಂದ ಬಿದ್ದುದು ಆಗಲೇ ಇರಬೇಕು. ಆ ಗುಮ್ಮಟವು ಬಹಳ ಎತ್ತರದಲ್ಲಿದೆ ಎಂಬುದನ್ನು ಇಲ್ಲಿ ನೆನಪಿಡತಕ್ಕದ್ದು; ಬಿಸಿಯಾದ ಗಾಳಿ ಜನರ ತಲೆಯಿಂದ ಎಷ್ಟೋ ಮೇಲೆ ನಿಲ್ಲುತ್ತದೆ.

3. ಪರಿವರ್ತನೆಯ ಕಾರಣಗಳು

ಮನೆಯ ತೊಟ್ಟಿಯನ್ನು ಮುಚ್ಚಿದುದಕ್ಕೆ ಒಂದೇ ಕಾರಣವನ್ನು ಹೇಳುವಂತಿಲ್ಲ. ಮುಖ್ಯವಾದುವು ಮೂರು.

ಮೊದಲನೆಯದು ಅವಿಭಕ್ತ ಕುಟುಂಬದ ವಿಭಜನೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಜಾರಿಗೆ ಬಂದ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು, 1956ರ ಹಿಂದೂ ಉತ್ತರಾಧಿಕಾರ ಕಾನೂನು, ಅದಕ್ಕೆ ಕರ್ನಾಟಕವು 1994ರಲ್ಲಿ ಮಾಡಿದ ತಿದ್ದುಪಡಿ ಇವು ಹೆಣ್ಣುಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲನ್ನು ಹಂತಹಂತವಾಗಿ ಕೊಡಿಸಿದುವು. ಪಾಲುದಾರರು ಹೆಚ್ಚಿದರು, ಮನೆ ಹೆಚ್ಚಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ತೊಟ್ಟಿ, ಬಾವಿ, ಓಡಾಡುವ ದಾರಿಗಳನ್ನು ಮೊದಲು ಸರ್ವರಿಗೂ ಸಾಮಾನ್ಯವೆಂದು ಬಿಟ್ಟುಕೊಳ್ಳುವುದು ರೂಢಿ. ಮುಂದಿನ ತಲೆಮಾರಿನಲ್ಲಿ ಆ ಸಾಮಾನ್ಯವೇ ಜಗಳಕ್ಕೆ ಮೂಲವಾಗಿ, ತೊಟ್ಟಿಯ ನಡುವೆ ಗೋಡೆ ಎದ್ದು, ಇಬ್ಬದಿಯ ಅರ್ಧ ತೊಟ್ಟಿಗಳೂ ಬಯಲಾಗಿ ಉಳಿಯಲಾರದಷ್ಟು ಕಿರಿದಾಗಿ ಕೋಣೆಗಳಾದುವು. ಇಂಥ ಮನೆಗಳಲ್ಲಿ ಕೈಸಾಲೆಯ ಕಂಬವು ಗೋಡೆಯೊಳಗೆ ಹುದುಗಿ ಅದರ ಬೋದಿಗೆ ಮಾತ್ರ ಹೊರಗೆ ಕಾಣುವುದುಂಟು. ಕೋಣೆಯ ಮೂಲೆಯಲ್ಲಿ ನೀರಿನ ಕಂಡಿಯ ಕಲ್ಲು ಉಳಿದಿರುವುದುಂಟು.

ಎರಡನೆಯದು ತೊಟ್ಟಿಯ ಕೆಲಸಗಳು ಒಂದೊಂದಾಗಿ ಮನೆಯನ್ನು ಬಿಟ್ಟುಹೋದುದು. 1954 ಮತ್ತು 1955ರ ಇನಾಮು ರದ್ದಿಯಾತಿ ಕಾನೂನುಗಳೂ 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನೂ ಗೇಣಿಯ ಭತ್ತವನ್ನು ಭೂಮಾಲಿಕರ ಕಣಜದಿಂದ ಉಳುವವನ ಮನೆಗೆ ತಿರುಗಿಸಿದುವು. ಭತ್ತವನ್ನು ಹರವಿ ಒಣಗಿಸಲು ತೊಟ್ಟಿ ಬೇಕಾಗಲಿಲ್ಲ. ಚಪ್ಪರ ಹಾಕಿ ತೊಟ್ಟಿಯಲ್ಲಿಯೇ ನಡೆಯುತ್ತಿದ್ದ ಮದುವೆ ಮುಂಜಿಗಳು ಛತ್ರಗಳಿಗೆ ಹೋದುವು. ಸೌದೆಯ ಒಲೆಯ ಬದಲು ಗ್ಯಾಸಿನ ಒಲೆ ಬಂದಮೇಲೆ ಹೊಗೆಗೆ ದಾರಿ ಬೇಕೆಂಬ ಒತ್ತಾಯವೂ ಕಡಿಮೆಯಾಯಿತು. ಇದಲ್ಲದೆ, ಪ್ರತಿ ಮಳೆಗೂ ತೊಟ್ಟಿಯನ್ನು ಬಳಿದು ತೊಳೆಯುವ, ಮಳೆಯಲ್ಲಿ ನೆನೆದುಕೊಂಡೇ ಅಡುಗೆಮನೆಗೂ ನಡುಮನೆಗೂ ಓಡಾಡುವ ಶ್ರಮ ಹೆಂಗಸರ ಪಾಲಿನದಾಗಿತ್ತು. ತೊಟ್ಟಿ ಮುಚ್ಚಬೇಕೆಂಬ ಬಯಕೆಯಲ್ಲಿ ಅವರ ಮಾತೂ ಸೇರಿತ್ತೆಂದರೆ ಆಶ್ಚರ್ಯವಿಲ್ಲ. ಕಳ್ಳರ ಭಯ, ಕೋತಿಗಳ ಕಾಟ ಇವೂ ಇದ್ದುವು. ತೊಟ್ಟಿಯ ಮೇಲೆ ಮೊದಲು ಬಂದುದು ಮಾಡಲ್ಲ, ಕಬ್ಬಿಣದ ಸರಳು.

ಮೂರನೆಯದು ಸಾಮಗ್ರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ರೈಲು ಬಂತು. ಆ ರೈಲು ಕಪಿಲೆಯನ್ನು ದಾಟಿದುದು 1735ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದ ಸೇತುವೆಯ ಮೇಲೆಯೇ. ಹೊರಗಿನ ಸಾಮಗ್ರಿಗೆ ಹೀಗೆ ದಾರಿಯಾಯಿತು. ಹೆಂಚಾದರೂ ತನ್ನ ಸಂದುಗಳಲ್ಲಿ ಗಾಳಿಯನ್ನು ಬಿಡುತ್ತಿತ್ತು. ತರುವಾಯ ಬಂದ ಸಿಮೆಂಟು ಕಾಂಕ್ರೀಟು ಬಿಡಲಿಲ್ಲ. ತೊಲೆ ಜಂತೆಗಳಿಲ್ಲದೆ ಇಡೀ ತೊಟ್ಟಿಯನ್ನು ಒಂದೇ ಹಲಗೆಯಂತೆ ಮುಚ್ಚುವುದು ಕಾಂಕ್ರೀಟಿನಿಂದ ಸುಲಭವಾಯಿತು. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾರಂಭವಾದ ವಿದ್ಯುತ್ತು ಕಾಲಕ್ರಮದಲ್ಲಿ ಊರೂರಿಗೆ ಹರಡಿ ದೀಪವನ್ನೂ ಬೀಸಣಿಗೆಯನ್ನೂ ಕೊಟ್ಟಿತು. ಕತ್ತಲೆಯ ಕೋಣೆಯಲ್ಲಿಯೂ ಬಾಳಬಹುದೆಂಬ ಧೈರ್ಯ ಬಂದುದು ಇದರಿಂದ.

ಇಲ್ಲಿ ಒಂದು ವಿರೋಧಾಭಾಸವನ್ನು ಗಮನಿಸಬೇಕು. 1898ರಿಂದ ಮೈಸೂರು ಸೀಮೆಯನ್ನು ಕಾಡಿದ ಪ್ಲೇಗು, ಇಕ್ಕಟ್ಟಾದ ಕತ್ತಲೆಯ ಮನೆಗಳ ಕೆಡುಕನ್ನು ಸರ್ಕಾರಕ್ಕೂ ಜನರಿಗೂ ತೋರಿಸಿತು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪಿತವಾಗಿ ಗಾಳಿ ಬೆಳಕುಗಳಿರುವ ಬಡಾವಣೆಗಳು ಎದ್ದುವು. ಬೀದಿಗಳು ಅಗಲವಾಗುತ್ತ ಬಂದ ಅದೇ ಶತಮಾನದಲ್ಲಿ ಹಳೆಯ ಮನೆಗಳ ಒಳಗಿನ ಬಯಲು ಮುಚ್ಚುತ್ತ ಬಂದಿತು.

4. ತಾಪದ ವಿಚಾರ

ಈ ಪ್ರದೇಶದಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಹಗಲಿನ ತಾಪವು 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುವುದು ಸಾಮಾನ್ಯ. ಆದರೆ ರಾತ್ರಿ ತಂಪಾಗುತ್ತದೆ. ಹಳೆಯ ಮನೆ ಈ ತಂಪನ್ನು ಕೂಡಿಟ್ಟುಕೊಳ್ಳುತ್ತಿತ್ತು. ತಿಳಿಯಾದ ಆಕಾಶದ ಕೆಳಗೆ ತೊಟ್ಟಿಯ ಚಪ್ಪಡಿಗಳು ರಾತ್ರಿಯೆಲ್ಲ ತಮ್ಮ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತವೆ. ತಣ್ಣಗಾದ ಗಾಳಿ ಭಾರವಾದುದರಿಂದ ತಗ್ಗಿನಲ್ಲಿ ಇಳಿದು ನಿಂತು ಕೈಸಾಲೆಗೆ ಹರಡುತ್ತದೆ. ಹಗಲು ತೊಟ್ಟಿಯ ಗಾಳಿ ಕಾದು ಮೇಲೇರಿದಂತೆ, ತಲೆಬಾಗಿಲಿನಿಂದಲೂ ಹಿತ್ತಿಲ ಬಾಗಿಲಿನಿಂದಲೂ ಬೇರೆ ಗಾಳಿ ಒಳಸರಿಯುತ್ತದೆ. ದಪ್ಪನಾದ ಮಣ್ಣಿನ ಗೋಡೆ ಬಿಸಿಲನ್ನು ಒಳಗೆ ಬಿಡಲು ತಡಮಾಡುತ್ತದೆ.

ತೊಟ್ಟಿಯ ಮೇಲೆ ಕಾಂಕ್ರೀಟು ಬಿದ್ದಾಗ ಈ ವ್ಯವಸ್ಥೆಯು ತಿರುವುಮುರುವಾಗುತ್ತದೆ. ಹಗಲೆಲ್ಲ ಕಾದ ತಾರಸಿ ಸಂಜೆಯಿಂದ ಕೆಳಗಿನ ಕೋಣೆಗೆ ಬಿಸಿಯನ್ನು ಸುರಿಯುತ್ತದೆ. ಜನರು ಮಲಗುವ ಹೊತ್ತಿಗೆ ಮನೆ ಹಗಲಿಗಿಂತ ಬೇಯುತ್ತದೆ. ಪಾರಕ ಶೀಟುಗಳನ್ನು ಹೊದಿಸಿದಲ್ಲಿ ಬೆಳಕು ಉಳಿಯುತ್ತದೆ. ಆದರೆ ಬಿಸಿಲು ಒಳಬಂದು ಹೊರಹೋಗಲಾರದೆ ಸಿಕ್ಕಿಬೀಳುತ್ತದೆ. ಬೀಸಣಿಗೆ ಅದೇ ಬಿಸಿಗಾಳಿಯನ್ನು ತಿರುಗಿಸುತ್ತದೆಯೇ ಹೊರತು ಹೊರಗಟ್ಟುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಕೋಣೆಯನ್ನು ಪಡೆದ ಮನೆಯು ಸುತ್ತಣ ನಾಲ್ಕಾರು ಕೋಣೆಗಳ ಏಕೈಕ ಕಿಟಕಿಯನ್ನು ಕಳೆದುಕೊಳ್ಳುತ್ತದೆ. ಹಗಲಿನಲ್ಲಿ ಮನೆಯಲ್ಲಿಯೇ ಇರುವ ಮುದುಕರೂ, ಬಾಣಂತಿಯರೂ, ಅಡುಗೆಯವರೂ ಇದರ ಫಲವನ್ನು ಉಳಿದವರಿಗಿಂತ ಹೆಚ್ಚಾಗಿ ಅನುಭವಿಸುತ್ತಾರೆ.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವಿಷ್ಟು. ತೊಟ್ಟಿಯನ್ನು ಮುಚ್ಚಿದವರು ಅವಿವೇಕಿಗಳಲ್ಲ. ಅವರಿಗೆ ಸ್ಥಳ ಬೇಕಿತ್ತು, ಪಾಲು ಬೇಕಿತ್ತು, ಮಳೆಯಿಂದಲೂ ಕಳ್ಳರಿಂದಲೂ ರಕ್ಷಣೆ ಬೇಕಿತ್ತು. ಮುಚ್ಚುವುದೂ ಹೊಸತಲ್ಲ. ಹೊಸತಾದುದು ಗಾಳಿಗೆ ದಾರಿ ಬಿಡದೆ ಮುಚ್ಚುವುದು. ಬೇಲೂರಿನ ಮಂಟಪವನ್ನು ಮುಚ್ಚಿದವರಿಗೂ ಕಲ್ಲಿನ ಗೋಡೆಯನ್ನು ಸೂರಿನವರೆಗೆ ಎತ್ತುವುದು ಅಸಾಧ್ಯವಾಗಿರಲಿಲ್ಲ, ಅವರು ಎತ್ತಲಿಲ್ಲ. ಇಂದು ತೊಟ್ಟಿಗೆ ಮಾಡು ಹಾಕಲೇಬೇಕಾದ ಮನೆಯವರು ಆ ಮಾಡನ್ನು ಸುತ್ತಣ ಸೂರುಗಳಿಗಿಂತ ಎರಡು ಮೂರು ಅಡಿ ಎತ್ತರಿಸಿ, ನಾಲ್ಕು ಕಡೆಯೂ ಜಾಲರಿಯ ಸಂದು ಬಿಟ್ಟರೆ, ಮಳೆಯೂ ಕೋತಿಯೂ ಹೊರಗುಳಿದು ಬಿಸಿಗಾಳಿ ಹೊರಗೆ ಹೋದೀತು. ಇದು ಹಳೆಯ ತೊಟ್ಟಿಯಾಗಲಾರದು, ಬಾಳತಕ್ಕ ಕೋಣೆಯಾದೀತು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಬೇರೊಂದು ಕರ್ತವ್ಯವೂ ಇದೆ. ವಿಭಾಗಪತ್ರಗಳಲ್ಲಿ ಚೆಕ್ಕುಬಂದಿಯ ಜೊತೆಗೆ ತೊಟ್ಟಿ, ಕೈಸಾಲೆ, ಜಗುಲಿಗಳ ಅಂಕಣದ ಲೆಕ್ಕವೂ ಸಿಗುವುದುಂಟು. ಅವುಗಳನ್ನು ನಿಂತಿರುವ ಮನೆಗಳೊಡನೆ ಹೋಲಿಸಿದರೆ ಯಾವ ಗೋಡೆ ಯಾವ ತಲೆಮಾರಿನಲ್ಲಿ ಎದ್ದಿತೆಂಬುದನ್ನು ಗುರುತಿಸಬಹುದು. ಶಾಸನದ ಕಲ್ಲನ್ನು ಪ್ರತಿಯೆತ್ತಿಕೊಳ್ಳುವ ಆಸ್ಥೆಯಿಂದಲೇ ಈ ಮನೆಗಳ ನಕ್ಷೆಯನ್ನೂ ಅಳತೆ ಮಾಡಿ ಬರೆದುಕೊಳ್ಳಬೇಕು. ಶಾಸನದ ಕಲ್ಲು ಇನ್ನೂ ಹಲವು ಕಾಲ ನಿಲ್ಲುತ್ತದೆ. ಮಣ್ಣಿನ ಗೋಡೆಯ ತೊಟ್ಟಿಮನೆ ಮುಂದಿನ ಪಾಲುಪಟ್ಟಿಯವರೆಗೆ ಮಾತ್ರ ನಿಂತೀತು.