ದಾ ಸಿಯು ಯಾನ್: ಶಾಪವಿಧಿ ಮತ್ತು ಪ್ರದರ್ಶನಕಲೆ

ದಾ ಸಿಯು ಯಾನ್ ಎಂಬುದು ಹಾಂಗ್‌ಕಾಂಗ್ ಹಾಗೂ ದಕ್ಷಿಣ ಚೀನದ ಕ್ಯಾಂಟನೀಸ್ ಜನರಲ್ಲಿ ರೂಢಿಯಲ್ಲಿರುವ, ಕೇಡು ಬಗೆಯುವವರನ್ನು ಕಾಗದದ ಪ್ರತಿಕೃತಿಯಲ್ಲಿ ದಂಡಿಸುವ ಶಾಪವಿಧಿ. ಭೂಗರ್ಭದ ಕೀಟಗಳು ನಿದ್ರೆ ತಿಳಿದೇಳುವುವೆಂದು ನಂಬಲಾದ, ಮಾರ್ಚ್ 5 ಅಥವಾ 6ರಂದು ಒದಗುವ ಜಿಂಗ್‌ಜೆ ಪರ್ವದಿನ ಇದಕ್ಕೆ ಪ್ರಶಸ್ತವಾದುದು. ಅಂದು ಹಾಂಗ್‌ಕಾಂಗಿನ ಕಾಸ್‌ವೇ ಬೇ ಪ್ರದೇಶದ ಮೇಲ್ಸೇತುವೆಯೊಂದರ ಕೆಳಗೆ, ಗಿಡ್ಡ ಮಣೆಗಳ ಮೇಲೆ ಕುಳಿತ ವೃದ್ಧಸ್ತ್ರೀಯರು, ದಕ್ಷಿಣೆಯಿತ್ತು ಬಂದವರ ಪರವಾಗಿ, ಕಾಗದದ ಬೊಂಬೆಯನ್ನು ಇಟ್ಟಿಗೆಯ ಮೇಲಿರಿಸಿ, ಹಳೆಯ ಪಾದರಕ್ಷೆಯಿಂದ ಅದು ಚಿಂದಿಯಾಗುವವರೆಗೂ ಬಡಿಯುತ್ತ, ಪ್ರಾಸಬದ್ಧವಾದ ಶಾಪೋಕ್ತಿಗಳನ್ನು ಲಯವಾಗಿ ನುಡಿಯುವರು. ಕೇಡಿನ ಸಂಕೇತವಾದ ಬಿಳಿಹುಲಿಯ ಕಾಗದದ ಪ್ರತಿಕೃತಿಯ ಬಾಯಿಗೆ ಹಂದಿಯ ಕೊಬ್ಬನ್ನು ಸವರಿ ಅದನ್ನು ತಣಿಸಿ, ಕಾಗದವನ್ನು ಅಗ್ನಿಗರ್ಪಿಸಿ, ಜೋಡಿ ಮರದ ತುಂಡುಗಳನ್ನು ನೆಲಕ್ಕೆಸೆದು ದೈವಸಮ್ಮತಿಯನ್ನು ಅರಿಯುವುದುಂಟು.

ಶ್ರಮಿಸುವ ದೇಹ, ಪುನರಾವೃತ್ತಿ, ಕಣ್ಣೆದುರೇ ನಶಿಸುವ ವಸ್ತು, ಸುತ್ತ ನೆರೆದ ಜನ—ಸಮಕಾಲೀನ ಪ್ರದರ್ಶನಕಲೆಯು ಅಪೇಕ್ಷಿಸುವ ಅಂಗಗಳೆಲ್ಲವೂ ಇಲ್ಲಿ ಸ್ವಭಾವತಃ ಇರುವುದರಿಂದ, ಈ ವಿಧಿಯು ಕಲೆಗೆ ಸುಲಭವಾಗಿ ಒಗ್ಗುತ್ತದೆ. ಪ್ರತಿಭಟನೆಗಳಲ್ಲಿ ರಾಜಕಾರಣಿಗಳ ಚಿತ್ರಗಳನ್ನು ಹೀಗೆ ಬಡಿದುದುಂಟು. ನಿರ್ದೇಶಕ ಫ್ರೂಟ್ ಚಾನ್ 2013ರ 'ಟೇಲ್ಸ್ ಫ್ರಮ್ ದ ಡಾರ್ಕ್ 1' ಎಂಬ ಕಥಾಸಂಕಲನ ಚಲನಚಿತ್ರದ ತಮ್ಮ ಭಾಗದಲ್ಲಿ ಇಂಥ ವೃದ್ಧೆಯೊಬ್ಬಳನ್ನೇ ಕೇಂದ್ರವಾಗಿರಿಸಿದರು. ಆದರೆ ಬೈಗುಳದ ಬೆಡಗನ್ನಷ್ಟೇ ಎತ್ತಿಕೊಂಡು, ಅನ್ಯಾಯಕ್ಕೆ ಬೇರೆ ಪರಿಹಾರ ಕಾಣದೆ ಬಂದವನ ಸಂಕಟವನ್ನು ಬಿಟ್ಟುಬಿಡುವ ಮರುಕಲ್ಪನೆಯಲ್ಲಿ ಸದ್ದು ಉಳಿಯುವುದೇ ಹೊರತು ವಿಧಿಯ ಸತ್ತ್ವವು ಉಳಿಯದು.