ಗಂಟು ಹಾಕಿದ ಹಗ್ಗ ಮತ್ತು ಗಾಳಿಯ ವೇಗ

ಏಕಮಾನ ಬರೆಯದ ಉತ್ತರಕ್ಕೆ ನಾನು ಅರ್ಧ ಅಂಕ ಕಳೆಯುತ್ತಿದ್ದುದನ್ನು ನನ್ನ ವಿದ್ಯಾರ್ಥಿಗಳು ಇನ್ನೂ ಮರೆತಿರಲಾರರು. ಅವರಲ್ಲೊಬ್ಬ ಈಗ ಅಮೆರಿಕದಲ್ಲಿದ್ದಾನೆ. ತನ್ನ ಮನೆಯ ಗ್ಯಾರೇಜಿನಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ಸ್ವತಃ ಕಟ್ಟುತ್ತಿದ್ದಾನೆ. ಕಳೆದ ತಿಂಗಳು ಫೋನು ಮಾಡಿ, "ಮೇಷ್ಟ್ರೇ, ವೇಗಮಾಪಕ ಮೈಲಿಯದು ತರಿಸಲೋ, ನಾಟ್‌ನದು ತರಿಸಲೋ?" ಎಂದು ಕೇಳಿದ. ಉತ್ತರ ಹುಡುಕಹೊರಟ ನನಗೆ ಸ್ವಾರಸ್ಯಕರವಾದ ಇತಿಹಾಸವೊಂದು ದೊರಕಿತು.

ಇಂಗ್ಲಿಷಿನಲ್ಲಿ ನಾಟ್ ಎಂದರೆ ಗಂಟು. ಹಿಂದೆ ನಾವಿಕರು ಹಗ್ಗದ ತುದಿಗೆ ಮರದ ಹಲಗೆ ಕಟ್ಟಿ ಸಮುದ್ರಕ್ಕೆ ಬಿಡುತ್ತಿದ್ದರು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈ ದಾಟಿದವೋ ಅದೇ ಹಡಗಿನ ವೇಗ. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲಿ. ಈ ಮೈಲಿ ಅಕ್ಷಾಂಶದ ಒಂದು ಮಿನಿಟಿನಷ್ಟು ದೂರವಾದ್ದರಿಂದ ನಕಾಶೆಯ ಅಂಚಿನಲ್ಲೇ ಅಳೆಯಬಹುದು. 1929ರಲ್ಲಿ ಮೊನಾಕೊ ನಗರದ ಸಮ್ಮೇಳನವು ಅದನ್ನು 1,852 ಮೀಟರ್ ಎಂದು ನಿಗದಿಪಡಿಸಿತು. ನೆಲದ ಮೈಲಿಯಾದರೋ ಸುಮಾರು 1,609 ಮೀಟರ್ ಮಾತ್ರ.

ಗಾಳಿಯ ವೇಗವನ್ನು ಅಳೆಯುವ ಉಪಾಯವೂ ನೀರಿನಿಂದಲೇ ಬಂದದ್ದು. 1732ರಲ್ಲಿ ಫ್ರಾನ್ಸಿನ ಹೆನ್ರಿ ಪಿಟೋ, ಬಾಗಿದ ನಳಿಕೆಯ ಬಾಯಿಯನ್ನು ಸೀನ್ ನದಿಯ ಹರಿವಿಗೆ ಎದುರಾಗಿ ಹಿಡಿದು, ಒಳಗೆ ನೀರು ಏರಿದ ಎತ್ತರದಿಂದ ಹರಿವಿನ ವೇಗವನ್ನು ತಿಳಿದನು. ಇಂದಿನ ವಿಮಾನಗಳಲ್ಲೂ ಪಿಟೋ ನಳಿಕೆಯೇ ಇದೆ. ಎತ್ತರದ ತೆಳುಗಾಳಿಯಲ್ಲಿ ಅದು ನಿಜವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಆದರೆ ರೆಕ್ಕೆಯೂ ಅದೇ ಗಾಳಿಯೊತ್ತಡವನ್ನೇ ನಂಬಿರುವುದರಿಂದ, ಎತ್ತುವ ಶಕ್ತಿ ಕಳೆದುಕೊಳ್ಳುವ ವೇಗ, ಅಂದರೆ ಸ್ಟಾಲ್, ಮುಳ್ಳಿನಲ್ಲಿ ಹೆಚ್ಚುಕಡಿಮೆ ಅದೇ ಅಂಕಿಯಲ್ಲಿ ಬರುತ್ತದೆ.

ಅಮೆರಿಕದ ಸಣ್ಣ ವಿಮಾನಗಳಲ್ಲಿ 1970ರ ದಶಕದ ಮಧ್ಯಭಾಗದವರೆಗೂ ಕಾರಿನಂತೆ ಗಂಟೆಗೆ ಇಷ್ಟು ಮೈಲಿ ಎಂಬುದೇ ರೂಢಿ. ಅನಂತರ ನಾಟ್ ಬಂತು. ಮನೆಯಲ್ಲಿ ಕಟ್ಟುವವರ ಸಂಘವನ್ನು ಪಾಲ್ ಪೊಬೆರೆಜ್ನಿ ಎಂಬವರು 1953ರಲ್ಲಿ ಸ್ಥಾಪಿಸಿದ್ದರು. ಹೀಗಾಗಿ ಈ ಹವ್ಯಾಸದಲ್ಲಿ ಮೈಲಿಯ ಹಳೆಯ ಕಾಗದಪತ್ರಗಳೂ ನಾಟ್‌ನ ಹೊಸ ಉಪಕರಣಗಳೂ ಬೆರೆತುಹೋಗಿವೆ.

ಅಪಾಯವಿರುವುದು ಈ ಬೆರಕೆಯಲ್ಲೇ. ಒಂದು ಲೆಕ್ಕ ಮಾಡೋಣ. ವಿಮಾನದ ಸ್ಟಾಲ್ ವೇಗ 50 ನಾಟ್ ಇರಲಿ. ಇಳಿಯಲು ಬರುವಾಗ ಅದರ 1.3 ಪಟ್ಟು, ಅಂದರೆ 65 ನಾಟ್, ಇರಬೇಕೆಂಬುದು ವಾಡಿಕೆ. ಮಾಪಕ ಮೈಲಿಯದಾಗಿದ್ದು ಚಾಲಕ 65ರ ಅಂಕಿಯನ್ನೇ ಹಿಡಿದರೆ ಅವನ ನಿಜವಾದ ವೇಗ ಸುಮಾರು 56 ನಾಟ್. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗುವಾಗ ಸ್ಟಾಲ್ ವೇಗ 59 ನಾಟ್ ದಾಟುತ್ತದೆ! ನೆಲ ಹತ್ತಿರವಿರುವಾಗ ತಪ್ಪು ತಿದ್ದಿಕೊಳ್ಳಲು ವೇಳೆ ಎಲ್ಲಿ?

ದೊಡ್ಡವರೂ ಎಡವಿದ್ದಾರೆ. 1983ರ ಜುಲೈ 23ರಂದು ಕೆನಡಾದಲ್ಲಿ ಕಿಲೋಗ್ರಾಮಿನ ಲೆಕ್ಕಕ್ಕೆ ಪೌಂಡಿನ ಗುಣಕ ಬಳಸಿದ್ದರಿಂದ, ಬೋಯಿಂಗ್ 767 ವಿಮಾನವೊಂದರ ಇಂಧನ ಆಕಾಶದಲ್ಲೇ ಮುಗಿಯಿತು. ಚಾಲಕರು ಅದನ್ನು ಗಾಳಿಯಲ್ಲಿ ತೇಲಿಸಿಕೊಂಡು ಗಿಮ್ಲಿ ಎಂಬಲ್ಲಿ ಇಳಿಸಿದರು. ಪುಣ್ಯವಶಾತ್ ಎಲ್ಲರೂ ಬದುಕಿದರು.

ನನ್ನ ಶಿಷ್ಯನಿಗೆ ಹೇಳಿದೆ: "ನಕಾಶೆ, ಹವಾಮಾನ ವರದಿಯ ಗಾಳಿ ಎಲ್ಲವೂ ನಾಟ್‌ನಲ್ಲಿರುವಾಗ ನಾಟ್ ಒಳ್ಳೆಯದಪ್ಪ. ಆದರೆ ಯಾವುದನ್ನೇ ಆರಿಸು, ಮಾಪಕ, ಕೈಪಿಡಿ, ಪಟ್ಟಿ ಮೂರರಲ್ಲೂ ಒಂದೇ ಇರಲಿ. ಇನ್ನೊಬ್ಬನ ವಿಮಾನದ ಅಂಕಿಯನ್ನು ನಕಲು ಮಾಡಬೇಡ. ನೀನು ಕಟ್ಟಿದ್ದರ ಸ್ಟಾಲ್ ವೇಗವನ್ನು ಸಾಕಷ್ಟು ಎತ್ತರದಲ್ಲಿ ನೀನೇ ಪರೀಕ್ಷಿಸಿ, ಮಾಪಕದ ದೋಷ ತಿದ್ದಿಕೊಂಡು ಬರೆದಿಡು. ಪ್ರತಿ ಅಂಕಿಯ ಮುಂದೆಯೂ ಏಕಮಾನ ಬರೆ."

ಅವನು ನಕ್ಕು, "ಅರ್ಧ ಅಂಕ ಹೋಗುತ್ತದೆ ಅಲ್ಲವೇ ಮೇಷ್ಟ್ರೇ?" ಎಂದ. ನಾನು ನಗಲಿಲ್ಲ. ಅಲ್ಲಿ ಹೋಗುವುದು ಅಂಕವಲ್ಲ.