ಕಲಿಯೋ ಡಾಕ್ಟ್ರು

ಇಂಟರ್ನ್‌ಶಿಪ್ ಅಂದ ಕೂಡಲೆ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬೆಂಗಳೂರಿನ ಯಾವುದೋ ಕಂಪನಿ, ಕುತ್ತಿಗೆಗೆ ನೇತುಬಿದ್ದ ತಾತ್ಕಾಲಿಕ ಬ್ಯಾಡ್ಜು, ಕೊನೆಗೆ ಕೈಗೆ ಬರೋ ಒಂದು ಸರ್ಟಿಫಿಕೇಟು. ನಮ್ಮ ಸರಗೂರು ಕಡೆ ಈ ಪದ ಒಳಗೆ ಬಂದದ್ದು ಆಸ್ಪತ್ರೆ ಬಾಗಿಲಿಂದ. ನಮ್ಮಜ್ಜಿ ಅದನ್ನು ಬಾಯಿಗೆ ತಂದುಕೊಳ್ಳೋ ಗೋಜಿಗೇ ಹೋಗದೆ ಡಾಕ್ಟರುಗಳನ್ನು ಎರಡು ಪಾಲು ಮಾಡಿಟ್ಟಿದ್ದಳು: ದೊಡ್ ಡಾಕ್ಟ್ರು, ಕಲಿಯೋ ಡಾಕ್ಟ್ರು. "ಕಲಿಯೋರ ತಾವ್ಕೇ ಹೋಗಾನ ಕಣ್ಲಾ, ಅವು ಕೂತ್ಕಂಡು ಕೇಳ್ತವೆ" ಅನ್ನೋದು ಅವಳ ವಾದ. ದೊಡ್ಡವರಿಗೆ ಪುರುಸೊತ್ತಿಲ್ಲ, ಚಿಕ್ಕವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಕೇಳ್ತಾರೆ. ಈ ಕಲಿಯೋ ಡಾಕ್ಟ್ರು ಅನ್ನೋ ಜಾತಿ ಎಲ್ಲಿಂದ ಬಂತು, ನಮ್ಮ ಕೋಟೆ ಸೀಮೆಗೆ ಹೇಗೆ ಬಂತು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ತಿದೀನಿ.

ಪದ ಫ್ರಾನ್ಸಿನದ್ದು. 1802ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳು ಪರೀಕ್ಷೆ ನಡೆಸಿ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳೋಕೆ ಶುರು ಮಾಡಿದವು. ಆಸ್ಪತ್ರೆಯ ಒಳಗೇ ಇದ್ದು ಕೆಲಸ ಮಾಡುವವನು 'ಅಂತೆರ್ನ್'. ಒಳಗಿನವನು ಅಂತಷ್ಟೇ ಅರ್ಥ. ಪುಸ್ತಕ ಓದಿದ್ದು ಸಾಕು, ರೋಗಿಯ ಮಂಚದ ಪಕ್ಕ ನಿಂತು ಕಲಿ ಅನ್ನೋ ಈ ಪದ್ಧತಿಯನ್ನು ಅಮೆರಿಕದ ಬಾಲ್ಟಿಮೋರ್‌ನಲ್ಲಿ, 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ, ವಿಲಿಯಂ ಆಸ್ಲರ್ ಇನ್ನಷ್ಟು ಗಟ್ಟಿ ಮಾಡಿದರು. ಗಮನಿಸಿ, ಎರಡೂ ಕಡೆ 'ಒಳಗೆ' ಅಂದರೆ ಆಸ್ಪತ್ರೆಯ ಗೋಡೆಯ ಒಳಗೆ. ಊರೊಳಗೆ ಅಲ್ಲ.

ನಮ್ಮ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂತು. ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. ನಮ್ಮ ಕಡೆಯವರಿಗೆ ಅದು ಬರೀ 'ದೊಡ್ಡಾಸ್ಪತ್ರೆ'. ಆ ಕಾಲಕ್ಕೆ ದೇಶದಲ್ಲಿ ಎರಡು ಬಗೆಯ ಡಾಕ್ಟರುಗಳಿದ್ದರು. ಪದವಿ ಪಡೆದ ಎಂಬಿಬಿಎಸ್‌ನವರು ಒಂದು ಬಗೆ, ಕಡಿಮೆ ಅವಧಿಯ ಕೋರ್ಸು ಮುಗಿಸಿದ ಎಲ್‌ಎಂಪಿಗಳು ಇನ್ನೊಂದು. ಹಳೇ ಕಾದಂಬರಿಗಳಲ್ಲಿ ಬರೋ ಎಲ್‌ಎಂಪಿ ಡಾಕ್ಟರ್ ನೆನಪಿರಬಹುದು, ಕೈಯಲ್ಲೊಂದು ಪೆಟ್ಟಿಗೆ, ಸೈಕಲ್ಲು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇನ್ನು ಮುಂದೆ ಒಂದೇ ಬಗೆಯ ಡಾಕ್ಟರ್ ಸಾಕು ಅಂತ ತೀರ್ಮಾನಿಸಿತು. ಸಮಿತಿಯೊಳಗೇ ಇದಕ್ಕೆ ಭಿನ್ನಮತ ಇತ್ತು. ಹಳ್ಳಿಗೆ ಆಗಿಬರೋದು ಎಲ್‌ಎಂಪಿಗಳೇ, ಅವರನ್ನು ನಿಲ್ಲಿಸಬೇಡಿ ಅಂದವರೂ ಇದ್ದರು. ಭಿನ್ನಮತ ಗೆಲ್ಲಲಿಲ್ಲ. ಆದರೆ ಅದೇ ಸಮಿತಿ ಇನ್ನೊಂದು ಮಾತು ಸೇರಿಸಿತ್ತು: ಡಾಕ್ಟರಾಗೋ ಪ್ರತಿಯೊಬ್ಬನಿಗೂ ರೋಗ ತಡೆಯುವ ವಿದ್ಯೆಯಲ್ಲಿ, ಸಮಾಜದ ಆರೋಗ್ಯದಲ್ಲಿ ಮೂರು ತಿಂಗಳ ತರಬೇತಿ ಇರಲಿ, 'ಸಾಮಾಜಿಕ ವೈದ್ಯ'ರು ತಯಾರಾಗಲಿ.

ನನಗೆ ಕಥೆಯ ಗಂಟು ಕಾಣೋದು ಇಲ್ಲೇ. ಹಳ್ಳಿಗೆ ಅಂತಲೇ ಇದ್ದ ಒಂದು ಇಡೀ ವರ್ಗವನ್ನು ತೆಗೆದು, ಅವರು ಹೊರುತ್ತಿದ್ದ ಹೊರೆಯನ್ನು ಮೂರು ತಿಂಗಳ ತರಬೇತಿಯ ಮೇಲೆ ಇಟ್ಟುಬಿಟ್ಟರು. ಅಷ್ಟು ಭಾರ ಅದು ಹೊತ್ತೀತೇ?

ಹೊರಲಿಲ್ಲ ಅಂತ ಸರ್ಕಾರಕ್ಕೂ ಗೊತ್ತಾಗ್ತಾ ಬಂತು. 1975ರ ಶ್ರೀವಾಸ್ತವ ಸಮಿತಿ, ಅದರ ಬೆನ್ನಿಗೆ 1977ರ 'ರೋಮ್' ಯೋಜನೆ. ಪ್ರತಿ ವೈದ್ಯಕೀಯ ಕಾಲೇಜು ಮೂರು ಬ್ಲಾಕುಗಳ ಹೊಣೆ ಹೊರಬೇಕು, ವಿದ್ಯಾರ್ಥಿಗಳು ವ್ಯಾನಿನಲ್ಲಿ ಹಳ್ಳಿಗೆ ಹೋಗಬೇಕು ಅನ್ನೋ ಏರ್ಪಾಡು. ವ್ಯಾನು ಅಂದ ಮೇಲೆ ಸಂಜೆಗೆ ವಾಪಸ್ ಬರೋದು ಇದ್ದೇ ಇದೆಯಲ್ಲ... ಇದಕ್ಕಿಂತ ನನಗೆ ಹಿಡಿಸಿದ್ದು ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು. ಅಲ್ಲಿ 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರು ಊರಿನ ಹಾಲಿನ ಸೊಸೈಟಿ ಜತೆ ಸೇರಿ ಆರೋಗ್ಯ ಸಹಕಾರ ಸಂಘ ಕಟ್ಟಿದರು. ಹಾಲು ಹಾಕುವವರ ದುಡ್ಡಿನಲ್ಲೇ ಕ್ಲಿನಿಕ್ಕಿನ ಖರ್ಚಿನ ಪಾಲು. ಇಂಟರ್ನ್‌ಗಳು ಅಲ್ಲಿಗೆ ಹೋದರೆ, ತಾವು ನಿಂತಿರೋ ಆಸ್ಪತ್ರೆ ಎಮ್ಮೆ-ಹಸು ಕಟ್ಟಿದವರದ್ದು ಅಂತ ತಿಳಿದೇ ಕೆಲಸ ಮಾಡಬೇಕಿತ್ತು. ಯಾರ ಮನೆಗೆ ಬಂದಿದ್ದೇವೆ ಅಂತ ಗೊತ್ತಿರೋದು ದೊಡ್ಡ ಪಾಠ ಅಂತ ನನ್ನ ಅನಿಸಿಕೆ.

ಈಗ ಕೋಟೆಗೆ ಬರೋಣ. (ಹೊರಗಿನವರಿಗೆ ಹೆಗ್ಗಡದೇವನಕೋಟೆ. ಸರಗೂರು ಬಹುಕಾಲ ಆ ತಾಲ್ಲೂಕಿನಲ್ಲೇ ಇತ್ತು, ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ.) ಮೈಸೂರಿಂದ ಐವತ್ತು ಚಿಲ್ಲರೆ ಕಿಲೋಮೀಟರ್, ಕಪಿಲೆಯ ದಡ, ಆಚೆಗೆ ಕಾಡು. 1970ರ ದಶಕ ಈ ಕಾಡಿನವರನ್ನು ಎರಡು ಕಡೆಯಿಂದ ನೂಕಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಕನಕೋಟೆಯ ಕಾಡಿನ ದೊಡ್ಡ ಭಾಗ ನೀರಿನಡಿ ಹೋಯಿತು. ಮಹಾರಾಜರ ಕಾಲದಿಂದ ಆನೆ ಖೆಡ್ಡಾ ನಡೆಯುತ್ತಿದ್ದ ಜಾಗ ಅದು. ಜೇನುಕುರುಬರು, ಕಾಡುಕುರುಬರು, ಯರವರು ಕಾಡಂಚಿನ ಹಾಡಿಗಳಿಗೆ ಬಂದು ಬಿದ್ದರು. ಕಾಡಿನ ಗೆಡ್ಡೆ, ಜೇನು, ಬೇರು ಹೋಯಿತು, ಬದಲಿಗೆ ಕೂಲಿ ಬಂತು, ಕೂಲಿಯ ಹಿಂದೆಯೇ ರಕ್ತಹೀನತೆ, ಕ್ಷಯ.

ಹತ್ತು ವರ್ಷದ ನಂತರ, 1984ರಲ್ಲಿ, ಮೈಸೂರು ಮೆಡಿಕಲ್ ಕಾಲೇಜಿನ ಕೆಲವು ಹುಡುಗರು ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಆಗಿನ್ನೂ ಅವರು ವಿದ್ಯಾರ್ಥಿಗಳು. ಡಾಕ್ಟರುಗಳಿಗೆ ಕಂಪನಿಯವರು ಕೊಡೋ ಸ್ಯಾಂಪಲ್ ಮಾತ್ರೆಗಳನ್ನು ಕೂಡಿಹಾಕಿ ಬಡ ರೋಗಿಗಳಿಗೆ ಹಂಚೋದು, ರಕ್ತ ಹೊಂದಿಸೋದು, ಇಂಥವು ಮೊದಲ ಕೆಲಸ. ಓದು ಮುಗಿದ ಮೇಲೆ, 1987ರಲ್ಲಿ, ಅವರು ನೆಲೆ ಹುಡುಕಿಕೊಂಡದ್ದು ಕೋಟೆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ. ಕಾಡು ಬಿಡಿಸಿ ತಂದವರನ್ನು ಕೂರಿಸಿದ್ದ ಹಾಡಿ ಅದು. ಆಮೇಲೆ ಕೆಂಚನಹಳ್ಳಿಯ ಪುಟ್ಟ ಆಸ್ಪತ್ರೆ, ದನದ ಕೊಟ್ಟಿಗೆಯಲ್ಲಿ ಆರಂಭವಾಗಿ ಹೊಸಹಳ್ಳಿಗೆ ಹೋದ ಗಿರಿಜನ ಮಕ್ಕಳ ಶಾಲೆ, ಕೊನೆಗೆ ನಮ್ಮ ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆ.

ಡಾಕ್ಟರ್ ಆಗಲು ಹೋದವರು ಶಾಲೆ ಯಾಕೆ ಕಟ್ಟಿದರು ಅಂತ ಕೇಳಿದರೆ ಉತ್ತರ ಆ ಹಾಡಿಯಲ್ಲೇ ಇದೆ. ಕೆಮ್ಮಿಗೆ ಮಾತ್ರೆ ಕೊಟ್ಟು ಕಳಿಸಿದವನೇ ಮುಂದಿನ ವಾರ ಮತ್ತೆ ಬಂದರೆ, ರೋಗ ಇರೋದು ಎದೆಯಲ್ಲಿ ಮಾತ್ರ ಅಲ್ಲ, ಅನ್ನದಲ್ಲಿ, ಹಕ್ಕುಪತ್ರ ಇಲ್ಲದ ಜಮೀನಿನಲ್ಲಿ ಅಂತ ಕಾಣಲೇಬೇಕು. ವೃತ್ತಿಯ ಹೆಸರೇ ಬದಲಾಗುತ್ತಾ ಹೋಗುತ್ತದೆ. ಬಾಲಸುಬ್ರಹ್ಮಣ್ಯಂ ಮುಂದೆ ಹಾರ್ವರ್ಡ್‌ನಲ್ಲಿ ಆಡಳಿತ ಓದಿದರು. 2021ರಲ್ಲಿ ಕೇಂದ್ರ ಸರ್ಕಾರದ ನೌಕರರ ತರಬೇತಿ ನೋಡಿಕೊಳ್ಳೋ ಸಾಮರ್ಥ್ಯ ವೃದ್ಧಿ ಆಯೋಗದ ಸದಸ್ಯರಾದರು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ಜಾಡು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಎಚ್. ಸುದರ್ಶನ್ ಸೋಲಿಗರ ನಡುವೆ ಕ್ಲಿನಿಕ್ ಇಟ್ಟುಕೊಂಡು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ, 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. ಇವರು ಯಾರೂ ಮೂರು ತಿಂಗಳ ಪೋಸ್ಟಿಂಗ್‌ನಿಂದ ಹಾಗಾದವರಲ್ಲ. ಅವಧಿ ಮುಗಿದ ಮೇಲೂ ಉಳಿದವರು.

ಹಾಗಾದರೆ ಉಳಿಯದವರು? ನೂರಕ್ಕೆ ತೊಂಬತ್ತೊಂಬತ್ತು ಮಂದಿ ಅವರೇ ಅಲ್ವಾ. ನನ್ನ ಚಿಕ್ಕಪ್ಪನ ಮಗಳ ಕಥೆ ಕೇಳಿ. ಯಾವ ಕಾಲೇಜು ಅಂತ ಬೇಡ. ಇಂಟರ್ನ್‌ಶಿಪ್ ಅಂದರೆ ಪಿಜಿ ಎಂಟ್ರೆನ್ಸಿಗೆ ಓದೋ ವರ್ಷ ಅನ್ನೋದು ಅವಳ ಹಾಸ್ಟೆಲ್ಲಿನ ಅಲಿಖಿತ ಕಾನೂನು. ಹಳ್ಳಿ ಪೋಸ್ಟಿಂಗ್ ಬಂದರೆ ಹಬ್ಬ. ಹಾಜರಿ ಹಾಕು, ರೂಮಿಗೆ ಹೋಗಿ ಓದು. ಅವಳೂ ಪುಸ್ತಕ ಹೊತ್ಕೊಂಡೇ ಹೋದಳು. ಅಲ್ಲಿದ್ದ ನರ್ಸಮ್ಮ ಬಿಡಬೇಕಲ್ಲ! "ಮೇಡಮ್ಮೋರೆ, ಬನ್ನಿ, ಹಾಡಿಗೆ ಹೋಗ್ಬರಾನ" ಅಂತ ಮೊದಲ ದಿನವೇ ಎಳ್ಕೊಂಡು ಹೋದರಂತೆ. ಒಂದು ಮನೆಯಲ್ಲಿ ಮಗು ಕೈಕಾಲು ನೋವು ಅಂತ ಅಳ್ತಿತ್ತು, ಕಣ್ಣಲ್ಲಿ ರಕ್ತವೇ ಇಲ್ಲ. ಇವಳಿಗೆ ಕಬ್ಬಿಣದ ಟಾನಿಕ್ ನೆನಪಾಯ್ತು. ನರ್ಸಮ್ಮ ಮೆಲ್ಲಗೆ "ಇವನ ಅಣ್ಣಂಗೂ ಹಿಂಗೇ ಆಗಿತ್ತು, ಸಿಕಲ್ ಟೆಸ್ಟ್‌ಗೆ ಬರೀರಿ" ಅಂದರು.

ಕುಡುಗೋಲು ಕಣ ರಕ್ತಹೀನತೆ. ಇದನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲೇ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ, ಲೆಹ್ಮನ್ ಮತ್ತು ಕಟ್‌ಬುಶ್ ಅನ್ನೋ ಇಬ್ಬರು. ಅದನ್ನು ತೊಡೆಯೋಕೆ ಅಂತ ರಾಷ್ಟ್ರೀಯ ಅಭಿಯಾನ ಬಂದದ್ದು 2023ರಲ್ಲಿ. ಎಪ್ಪತ್ತೊಂದು ವರ್ಷ. ಅಷ್ಟೂ ವರ್ಷ ಹಾಡಿಯ ಮಕ್ಕಳು ಕಾಲು ಹಿಡ್ಕೊಂಡು ಅಳ್ತಿದ್ದದ್ದನ್ನು ಅಮ್ಮಂದಿರು, ನರ್ಸಮ್ಮಂದಿರು ಹೆಸರಿಲ್ಲದೆಯೂ ಗುರುತು ಹಿಡೀತಿದ್ದರು. ತಂಗಿ ಹೇಳೋ ಪ್ರಕಾರ ಅವಳಿಗೆ ತಾನು ಡಾಕ್ಟರು ಅಂತ ಮೊದಲ ಸಲ ಅನ್ನಿಸಿದ್ದು ಆ ದಿನ, ಅದೂ ಉತ್ತರ ಬೇರೆಯವರಿಗೆ ಗೊತ್ತಿತ್ತು ಅಂತ ಕಂಡ ಮೇಲೆ.

ಈಚಿನ ವರ್ಷಗಳಲ್ಲಿ ನಮ್ಮ ಕಡೆಗೆ ದೂರದವರೂ ಬಂದಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಮೈಸೂರಿಗೆ ಬಂದು ಇದೇ ಯೂತ್ ಮೂವ್‌ಮೆಂಟ್ ಜತೆ ಕೆಲಸ ಕಲಿತು ಹೋಗಿದ್ದಾರೆ. ಬರಲಿ, ಒಳ್ಳೇದೇ. ನನ್ನ ತಕರಾರು ಒಂದೇ. ಬಂದವರಿಗೆ ಪದವಿಗೆ ಅಂಕ ಸಿಗುತ್ತೆ, ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಬರೆದುಕೊಳ್ಳೋಕೆ ಒಂದು ಸಾಲು ಸಿಗುತ್ತೆ. ಎರಡು ತಿಂಗಳಿಗೊಮ್ಮೆ ಹೊಸಬರಿಗೆ ಅದೇ ಪ್ರಶ್ನೆಗೆ ಅದೇ ಉತ್ತರ ಹೇಳೋ ಹಾಡಿಯ ಹೆಂಗಸಿಗೆ ಆ ದಿನದ ಕೂಲಿ ಯಾರು ಕೊಡ್ತಾರೆ? ಮೆಡಿಕಲ್ ಕಾಲೇಜಿನ ಪ್ರೊಫೆಸರಿಗೆ ಸಂಬಳ ಇದೆ, ಆಶಾ ಕಾರ್ಯಕರ್ತೆಗೆ ಗೌರವಧನ ಇದೆ. ಪಾಠ ಮಾಡೋ ರೋಗಿಗೆ ಏನೂ ಇಲ್ಲ. ಇದು ಕೋಟೆ ಒಂದರ ಮಾತಲ್ಲ, ಪ್ಯಾರಿಸ್ಸಿನ ಧರ್ಮಾಸ್ಪತ್ರೆಗಳಲ್ಲೂ ಮಂಚದ ಮೇಲೆ ಮಲಗಿ ಕಲಿಸುತ್ತಿದ್ದವರು ಬಡವರೇ.

2021ರ ಹೊಸ ನಿಯಮದಲ್ಲಿ ಇಂಟರ್ನ್‌ಶಿಪ್ಪಿನ ಹನ್ನೆರಡು ವಾರ ಸಮುದಾಯ ವೈದ್ಯಕೀಯಕ್ಕೆ ಅಂತಿದೆ. ಲೆಕ್ಕ ಹಾಕಿ ನೋಡಿ, ಭೋರ್ ಸಮಿತಿ ಹೇಳಿದ್ದ ಅದೇ ಮೂರು ತಿಂಗಳು. ಇದರ ಮೇಲೆ ಕರ್ನಾಟಕದಲ್ಲಿ 2012ರ ಕಾಯ್ದೆಯ ಪ್ರಕಾರ ಓದು ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಯೂ ಇತ್ತು.

ತಂಗಿ ಆ ಕಡ್ಡಾಯ ಸೇವೆಯನ್ನೂ ಮುಗಿಸಿ ಈಗ ಪಿಜಿ ಓದ್ತಿದಾಳೆ. ಸಮುದಾಯ ವೈದ್ಯಕೀಯ ತಗೊಂಡಿರಬೇಕು ಅಂತ ನಾನಂದುಕೊಂಡಿದ್ದೆ. ತಗೊಂಡದ್ದು ಅರಿವಳಿಕೆ. ಯಾಕೆ ಅಂದರೆ, "ಅಣ್ಣಾ, ಅಲ್ಲಿ ಹೆರಿಗೆ ಕೇಸುಗಳನ್ನ ಮೈಸೂರಿಗೆ ಕಳಿಸ್ತಿದ್ದದ್ದು ಸರ್ಜನ್ ಇಲ್ಲ ಅಂತಲ್ಲ, ಅನಸ್ತೇಶಿಯಾ ಕೊಡೋರು ಇಲ್ಲ ಅಂತ" ಅಂದಳು.